ಲೇಥ್ ಗೇರ್ ಕೂರಿಸುವಾಗ ಮಧ್ಯೆ ಒಂದು ಕಾಗದದ ಪಟ್ಟಿ
ಲೋಹದ ತುಂಡನ್ನು ತಿರುಗಿಸುತ್ತಾ ಕೊರೆಯುವ ಚಿಕ್ಕ ಲೇಥ್ ಯಂತ್ರದಲ್ಲಿ, ಸವೆದ ಚೇಂಜ್ ಗೇರ್ (ಕೊರೆಯುವ ಉಳಿ ಸರಿಯುವ ವೇಗ ಬದಲಿಸಲು ಹಾಕುವ ಗೇರ್) ತೆಗೆದು ಹೊಸದು ಹಾಕುವಾಗ, ಪ್ಲಗ್ ಕಿತ್ತಿಟ್ಟು, ಎರಡೂ ಗೇರ್‌ಗಳ ಹಲ್ಲಿನ ಮಧ್ಯೆ ಮಾಮೂಲಿ ಎ4 ಕಾಗದದ ಪಟ್ಟಿ ಇಟ್ಟು ಒತ್ತಿ ಹಿಡಿದು ನಟ್ ಬಿಗಿ ಮಾಡಿ. ಆಮೇಲೆ ತುಂಡನ್ನು ಹಿಡಿಯುವ ಚಕ್ ಅನ್ನು ಕೈಯಲ್ಲಿ ತಿರುಗಿಸಿ ಪಟ್ಟಿ ಹೊರಗೆ ತೆಗೆಯಿರಿ. ಅದರಲ್ಲಿ ಹಲ್ಲಿನ ಮಡಿಕೆ ಮೂಡಿರಬೇಕು, ಹರಿದಿರಬಾರದು. ಆ ಕಾಗದ ಸುಮಾರು 0.1 ಮಿ.ಮೀ. ದಪ್ಪ, ಹಲ್ಲುಗಳ ನಡುವೆ ಬೇಕಾದ ಸಡಿಲ ಹೆಚ್ಚುಕಡಿಮೆ ಅಷ್ಟೇ. ಜಾಸ್ತಿ ಬಿಗಿಯಾದರೆ ಗೇರ್ ಕಿರುಚುತ್ತದೆ, ಬೇಗ ಸವೆಯುತ್ತದೆ. ಜಾಸ್ತಿ ಸಡಿಲವಾದರೆ ಭಾರವೆಲ್ಲ ಹಲ್ಲಿನ ತುದಿಗೆ ಬೀಳುತ್ತದೆ, ಪ್ಲಾಸ್ಟಿಕ್ ಗೇರ್‌ನ ಹಲ್ಲು ಮುರಿದೇ ಹೋಗಬಹುದು. ನಮ್ಮ ಕೊಡಗಿನ ಮಳೆಗಾಲದಲ್ಲಿ ಮನೆಯ ಕಾಗದವೆಲ್ಲ ಮೆತ್ತಗಾಗಿರುತ್ತದೆ, ಅಲ್ವಾ? ಅಂಥದ್ದು ಹಲ್ಲಿಗೆ ಸಿಕ್ಕಿ ಹರಿಯುತ್ತದೆ, ಅಳತೆ ಸಿಗುವುದಿಲ್ಲ. ಒಲೆ ಹತ್ತಿರ ಸ್ವಲ್ಪ ಹೊತ್ತು ಒಣಗಿಸಿ ಬಳಸಿ. ಜೋಡಿಯಲ್ಲಿ ಒಂದು ಹಳೆಯ ಸವೆದ ಗೇರ್ ಹಾಗೇ ಉಳಿದಿದ್ದರೂ ಈ ಉಪಾಯ ನಡೆಯುವುದಿಲ್ಲ, ಎರಡನ್ನೂ ಬದಲಿಸಿ. ಇನ್ನು ತುಕ್ಕು ಹಿಡಿದು ಶಾಫ್ಟ್‌ಗೆ ಅಂಟಿದ ಗೇರನ್ನು ಸ್ಕ್ರೂಡ್ರೈವರ್‌ನಿಂದ ಒಂದೇ ಕಡೆ ಮೀಟಬೇಡಿ, ಶಾಫ್ಟ್ ಬಾಗೀತು. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ, ಬೆಳಿಗ್ಗೆ ಎರಡು ಕಾಲಿನ ಪುಲ್ಲರ್‌ನಿಂದ (ಗೇರ್ ಎಳೆದು ತೆಗೆಯುವ ಸಾಧನ) ನಿಧಾನವಾಗಿ ಎಳೆಯಿರಿ. ಒಳಗಿನ ಚಿಕ್ಕ ಕೀ (ಗೇರ್ ಶಾಫ್ಟ್ ಮೇಲೆ ಜಾರದಂತೆ ಹಿಡಿಯುವ ಲೋಹದ ತುಂಡು) ಕೆಳಗೆ ಬಿದ್ದು ಕಳೆದುಹೋಗದಂತೆ ಬಟ್ಟೆ ಹಾಸಿಕೊಳ್ಳಿ.