ಬುಲೆಟ್ ಇಂಜಿನ್ ಕಟ್ಟುವಾಗ ನಾನು ಕ್ಯಾಮ್ ಟೈಮಿಂಗ್ ಅಳೆದ ರೀತಿ

ವಾಲ್ವ್‌ಗಳನ್ನು ತಳ್ಳಿ ತೆರೆಯುವ ಉಬ್ಬಿನ ಭಾಗವೇ ಕ್ಯಾಮ್, ವಾಲ್ವ್ ಯಾವಾಗ ತೆರೆದು ಯಾವಾಗ ಮುಚ್ಚುತ್ತದೆ ಅನ್ನೋದೇ ಕ್ಯಾಮ್ ಟೈಮಿಂಗ್. ಹಳೇ ಕಾಸ್ಟ್ ಐರನ್ ಬುಲೆಟ್ 350 ಇಂಜಿನ್ ಬಿಚ್ಚಿ ಕಟ್ಟುವಾಗ ಹೆಚ್ಚಿನವರು ಗೇರ್‌ಗಳ ಮೇಲಿನ ಚುಕ್ಕಿ ಕೂಡಿಸಿ ಟೈಮಿಂಗ್ ಕವರ್ ಮುಚ್ಚಿಬಿಡುತ್ತಾರೆ. ಗೇರ್‌ಗಳೆಲ್ಲ ಮೊದಲಿನಿಂದ ಒಟ್ಟಿಗೇ ಇದ್ದವಾದರೆ ಅಷ್ಟು ಸಾಕು. ನನ್ನ ಇಂಜಿನ್‌ನಲ್ಲಿ ಪಿನಿಯನ್ (ಕ್ರ್ಯಾಂಕ್ ತುದಿಯ ಚಿಕ್ಕ ಗೇರ್) ಹಳೆಯದು, ಕ್ಯಾಮ್‌ಗಳು ಹೊರಗಿನಿಂದ ತಂದ ಹೊಸ ಜೋಡಿ. ಚುಕ್ಕಿ ಸರಿಯಾದ ಹಲ್ಲಿನ ಮೇಲೇ ಇದೆ ಅಂತ ಹೇಗೆ ನಂಬೋದು? ಅದಕ್ಕೇ ಕ್ರ್ಯಾಂಕ್‌ಗೆ ಡಿಗ್ರಿ ಚಕ್ರ (ಸುತ್ತಲೂ ಡಿಗ್ರಿ ಗುರುತಿರುವ ತಟ್ಟೆ) ಕಟ್ಟಿ, ಅದನ್ನು ಓದಲು ಪಕ್ಕದಲ್ಲಿ ಒಂದು ಮುಳ್ಳು ನಿಲ್ಲಿಸಿ ಅಳೆದೆ.

ಈ ಇಂಜಿನ್‌ನಲ್ಲಿ ಟೈಮಿಂಗ್ ಚೈನ್ ಇಲ್ಲ, ಎಲ್ಲಾ ಗೇರ್. ಇನ್‌ಲೆಟ್‌ಗೆ ಒಂದು ಕ್ಯಾಮ್, ಎಕ್ಸಾಸ್ಟ್‌ಗೆ ಇನ್ನೊಂದು. ಕ್ಯಾಮ್ ಗೇರ್‌ನ ಹಲ್ಲು ಎಣಿಸಿ, 720ನ್ನು ಅದರಿಂದ ಭಾಗಿಸಿ ನೋಡಿ (ಕ್ಯಾಮ್ ಒಂದು ಸುತ್ತು ತಿರುಗುವಾಗ ಕ್ರ್ಯಾಂಕ್ ಎರಡು ಸುತ್ತು, ಅಂದರೆ 720 ಡಿಗ್ರಿ ತಿರುಗುತ್ತದೆ). ಒಂದು ಹಲ್ಲು ತಪ್ಪಿದರೆ ಕ್ರ್ಯಾಂಕ್ ಲೆಕ್ಕದಲ್ಲಿ ಅಷ್ಟು ಡಿಗ್ರಿ ವ್ಯತ್ಯಾಸ, ಅದು ಹತ್ತಕ್ಕೂ ಜಾಸ್ತಿಯೇ ಬರುತ್ತದೆ. ಪಿನಿಯನ್ ಬಿಚ್ಚಬೇಕಾದರೆ ಒಂದು ಎಚ್ಚರ: ಅದರ ಮುಂದಿರುವ ಆಯಿಲ್ ಪಂಪ್ ವರ್ಮ್‌ಗೆ ಉಲ್ಟಾ ಥ್ರೆಡ್ ಇದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಟಿಡಿಸಿ, ಅಂದರೆ ಪಿಸ್ಟನ್ ತೀರಾ ಮೇಲಕ್ಕೆ ಬರುವ ಜಾಗ. ಅದು ತಪ್ಪಿದರೆ ಆಮೇಲಿನ ಅಳತೆಯೆಲ್ಲ ದಂಡ. ಪ್ಲಗ್ ತೂತಿಗೆ ಕಡ್ಡಿ ಹಾಕಿ ನೋಡುವುದು ನನಗೆ ಒಪ್ಪಿಗೆಯಿಲ್ಲ, ಯಾಕೆಂದರೆ ಮೇಲೆ ಬಂದ ಪಿಸ್ಟನ್ ಕೆಲವು ಡಿಗ್ರಿವರೆಗೆ ಅಲ್ಲಾಡಿದ್ದೇ ಗೊತ್ತಾಗುವುದಿಲ್ಲ. ನಾನು ಹಳೇ ಪ್ಲಗ್‌ನ ಪಿಂಗಾಣಿ ಒಡೆದು ತೆಗೆದು, ತುದಿ ದುಂಡಗೆ ಮಾಡಿದ ಬೋಲ್ಟ್ ಕೂರಿಸಿ ಸ್ಟಾಪ್ ಮಾಡಿಕೊಂಡೆ. ಮೊದಲು ಪುಶ್‌ರಾಡ್ (ಕ್ಯಾಮ್‌ನ ತಳ್ಳುವಿಕೆಯನ್ನು ವಾಲ್ವ್ ಕಡೆಗೆ ಒಯ್ಯುವ ಸಲಾಕೆ) ತೆಗೆದಿಡಬೇಕು, ಇಲ್ಲದಿದ್ದರೆ ವಾಲ್ವ್ ಕೆಳಗಿಳಿದು ಬೋಲ್ಟ್‌ಗೆ ತಾಗಬಹುದು. ಕ್ರ್ಯಾಂಕನ್ನು ಕೈಯಿಂದ ಮೆಲ್ಲಗೆ ಒಂದು ಕಡೆ ತಿರುಗಿಸಿದರೆ ಪಿಸ್ಟನ್ ಬೋಲ್ಟ್‌ಗೆ ತಾಗಿ ನಿಲ್ಲುತ್ತದೆ, ಅಲ್ಲಿ ಮುಳ್ಳು ಎಷ್ಟು ತೋರಿಸುತ್ತದೆ ಅಂತ ಬರೆದುಕೊಳ್ಳಿ. ಆಮೇಲೆ ಇನ್ನೊಂದು ಕಡೆ ತಿರುಗಿಸಿ. ಒಂದು ಕಡೆ 38, ಇನ್ನೊಂದು ಕಡೆ 34 ಬಂತು ಅನ್ನಿ, ಆಗ ಮುಳ್ಳನ್ನು 2 ಡಿಗ್ರಿ ಸರಿಸಿದರೆ ಎರಡೂ ಕಡೆ 36 ಆಗುತ್ತದೆ. ಸೊನ್ನೆ ಬರುವ ಜಾಗವೇ ನಿಜವಾದ ಟಿಡಿಸಿ.

ಇನ್ನು ಸ್ಟಾಪ್ ತೆಗೆದು, ಪುಶ್‌ರಾಡ್ ವಾಪಸ್ ಹಾಕಿ, ಅಳತೆಗೆ ಮಾತ್ರ ವಾಲ್ವ್ ಗ್ಯಾಪ್ 12 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ) ಇಟ್ಟೆ. ಈ ಗ್ಯಾಪ್‌ನಲ್ಲಿ ಇನ್‌ಲೆಟ್ ಟಿಡಿಸಿಗೆ 30 ಡಿಗ್ರಿ ಮೊದಲು ತೆರೆದು, ಬಿಡಿಸಿ (ಪಿಸ್ಟನ್ ತೀರಾ ಕೆಳಕ್ಕೆ ಇಳಿಯುವ ಜಾಗ) ಆದ 60ಕ್ಕೆ ಮುಚ್ಚಬೇಕು. ಎಕ್ಸಾಸ್ಟ್ ಬಿಡಿಸಿಗೆ 75 ಮೊದಲು ತೆರೆದು ಟಿಡಿಸಿ ಆದ 35ಕ್ಕೆ ಮುಚ್ಚಬೇಕು. ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಆ ಗ್ಯಾಪ್ ಒಳಗಿಟ್ಟುಕೊಂಡೇ ಕ್ರ್ಯಾಂಕ್ ತಿರುಗಿಸಿದೆ. ಗೇಜ್ ಬಿಗಿಯಾಗಿ ಹಿಡಿದುಕೊಂಡ ಕ್ಷಣ ವಾಲ್ವ್ ತೆರೆಯಿತು, ಮತ್ತೆ ಸಡಿಲವಾದಾಗ ಮುಚ್ಚಿತು. ತಿರುಗಿಸುವುದು ಇಂಜಿನ್ ಓಡುವ ದಿಕ್ಕಿಗೇ, ಗುರುತು ದಾಟಿಹೋದರೆ ಸ್ವಲ್ಪ ಹಿಂದಕ್ಕೆ ತರಬಾರದು, ಮತ್ತೆ ಎರಡು ಸುತ್ತು ಹಾಕಿಯೇ ಬರಬೇಕು. ಗೇರ್‌ಗಳ ನಡುವಿನ ಆಟ ಅಳತೆಯನ್ನು ಕೆಡಿಸುತ್ತದೆ.

ನನಗೆ ಇನ್‌ಲೆಟ್ 27 ಮತ್ತು 62, ಎಕ್ಸಾಸ್ಟ್ 73 ಮತ್ತು 36 ಬಂತು. ಎರಡು ಮೂರು ಡಿಗ್ರಿ ಆಚೀಚೆ ಆದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ಹಲ್ಲು ತಪ್ಪಿಲ್ಲ ಅನ್ನುವುದು ಖಾತ್ರಿ ಆಯ್ತಲ್ವಾ. ಡಿಗ್ರಿ ಚಕ್ರ ಇಲ್ಲದವರು ಕನಿಷ್ಠ ಇಷ್ಟಾದರೂ ನೋಡಿ: ಎಕ್ಸಾಸ್ಟ್ ಮುಗಿದು ಇನ್‌ಲೆಟ್ ಶುರುವಾಗುವ ಟಿಡಿಸಿಯಲ್ಲಿ ಎರಡೂ ವಾಲ್ವ್ ಹೆಚ್ಚುಕಮ್ಮಿ ಒಂದೇ ಅಳತೆ ತೆರೆದಿರಬೇಕು. ಒಂದು ಪೂರ್ತಿ ಮುಚ್ಚಿ ಇನ್ನೊಂದು ಚೆನ್ನಾಗಿ ತೆರೆದಿದ್ದರೆ ಕವರ್ ಮುಚ್ಚಬೇಡಿ.

ಅಳತೆ ಮುಗಿದ ಮೇಲೆ 12 ಥೌ ಹಾಗೇ ಬಿಡುವಂತಿಲ್ಲ. ಇಂಜಿನ್ ತಣ್ಣಗಿರುವಾಗ, ಕಂಪ್ರೆಷನ್ ಟಿಡಿಸಿಯಲ್ಲಿ (ಎರಡೂ ವಾಲ್ವ್ ಮುಚ್ಚಿರುವ ಟಿಡಿಸಿ), ಪುಶ್‌ರಾಡ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಮಾತ್ರ ಅಲ್ಲಾಡಬಾರದು. ಪಾಯಿಂಟ್ಸ್ (ಪ್ಲಗ್ ಕಿಡಿ ಯಾವಾಗ ಹಾರಬೇಕು ಅಂತ ನಿರ್ಧರಿಸುವ ಸ್ವಿಚ್) ಕೂಡ ಇದೇ ಗೇರ್ ಸಾಲಿನಿಂದ ತಿರುಗುವುದರಿಂದ ಇಗ್ನಿಷನ್ ಟೈಮಿಂಗ್ ಕೈಗೆತ್ತಿಕೊಂಡಿದ್ದು ಇದಾದ ಮೇಲೆಯೇ.