ಮೊದಲು ಜಾಗ, ಆಮೇಲೆ ಸ್ಟೆಪ್ಪು

ಡ್ಯಾನ್ಸ್ ಕಟ್ಟಲು ಹೊರಟವರು ಮೊದಲು ಹಾಡು ಹಾಕುತ್ತಾರೆ. ಆಮೇಲೆ ಸ್ಟೆಪ್ಪು ಹುಡುಕುತ್ತಾರೆ. ಜಾಗದ ನೆನಪಾಗುವುದು ಪ್ರೋಗ್ರಾಂ ಹಿಂದಿನ ದಿನ. ಅಷ್ಟರಲ್ಲಿ ನಾಲ್ಕು ಜನ ಒಂದೇ ಸಾಲಲ್ಲಿ ನಿಂತು ಎರಡು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ ಹೋಗುವುದು ಅಭ್ಯಾಸವಾಗಿಬಿಟ್ಟಿರುತ್ತದೆ. ನವೆಂಬರಿನಲ್ಲಿ ಯಾವ ಅಪಾರ್ಟ್‌ಮೆಂಟಿನ ರಾಜ್ಯೋತ್ಸವಕ್ಕೆ ಹೋದರೂ ಇದೇ ಕಥೆ. ನಾನು ಉಲ್ಟಾ ಹೇಳಿಕೊಡುತ್ತೇನೆ. ಮೊದಲು ಜಾಗ, ಆಮೇಲೆ ಸ್ಟೆಪ್ಪು. ಹಾಡು ಕೊನೆಗೆ.

ನನ್ನ ಕ್ಲಾಸು ನಡೆಯುವುದು ಹನುಮಂತನಗರದಲ್ಲಿ, ನಮ್ಮ ಮನೆ ತಾರಸಿಯ ಮೇಲೆ. 30-40 ಸೈಟು. ಸಿಂಟೆಕ್ಸ್ ಟ್ಯಾಂಕು, ಸೋಲಾರು, ಬಟ್ಟೆ ಒಣಗಿಸುವ ತಂತಿ ಎಲ್ಲ ಬಿಟ್ಟು ಉಳಿದದ್ದು ನಮ್ಮ ಪಾಲಿಗೆ. ಹಾಗಾಗಿ 'ಮಿಸ್, ಜಾಗ ಸಾಲಲ್ಲ' ಅನ್ನುವ ಮಾತು ನನ್ನ ಹತ್ತಿರ ನಡೆಯುವುದಿಲ್ಲ. ಹತ್ತಡಿಗೆ ಹತ್ತಡಿ ಇದ್ದರೆ ಕೆಲಸ ಶುರು ಮಾಡಬಹುದು.

ನಿಂತಲ್ಲೇ ಶುರು ಮಾಡಿ. ಪಾದ ಕದಲಿಸದೆ ಕೈಕಾಲು ಎಲ್ಲೆಲ್ಲಿಗೆ ಎಟಕುತ್ತವೆ ನೋಡಿ. ಮೇಲೆ, ಕೆಳಗೆ, ಪಕ್ಕಕ್ಕೆ, ಬೆನ್ನ ಹಿಂದೆ. ರುಡಾಲ್ಫ್ ಲಾಬಾನ್ (1879–1958) ಅನ್ನುವವರು ಯುರೋಪಿನಲ್ಲಿ ದೇಹದ ಚಲನೆಯನ್ನು ಆಳವಾಗಿ ಅಧ್ಯಯನ ಮಾಡಿದವರು. ದೇಹದ ಸುತ್ತಲಿನ ಈ ಗೋಳಕ್ಕೆ ಅವರು ಕೈನಸ್ಫಿಯರ್ ಎಂದು ಹೆಸರಿಟ್ಟರು. ನೀವು ನಡೆದರೆ ಅದೂ ನಿಮ್ಮ ಜೊತೆ ನಡೆಯುತ್ತದೆ. ಅದರೊಳಗೆ ಮೈಗೆ ಅಂಟಿದ ಜಾಗ ಒಂದು, ನಡುವಿನದು ಒಂದು, ತುದಿಬೆರಳು ಮುಟ್ಟುವ ದೂರ ಇನ್ನೊಂದು.

ಇದನ್ನು ಮಾಡಿ ನೋಡದೆ ಅರ್ಥವಾಗುವುದಿಲ್ಲ. ಮನೆಯ ಮೂರು ಕೆಲಸ ತೆಗೆದುಕೊಳ್ಳಿ. ಕೊತ್ತಂಬರಿ ಸೊಪ್ಪು ಬಿಡಿಸುವುದು, ಕುಕ್ಕರ್ ಮುಚ್ಚಳ ಹಾಕುವುದು, ಅಟ್ಟದ ಮೇಲಿನ ಡಬ್ಬ ಇಳಿಸುವುದು. ಕೈಯಲ್ಲಿ ಏನೂ ಇಲ್ಲದೆ ಮಾಡಿ. ಮೊದಲನೆಯದು ಎದೆಯ ಹತ್ತಿರ, ಎರಡನೆಯದು ನಡುವೆ, ಮೂರನೆಯದು ತುದಿಯಲ್ಲಿ. ಈಗ ಅದಲುಬದಲು ಮಾಡಿ. ಸೊಪ್ಪನ್ನು ಕೈ ಪೂರ್ತಿ ಚಾಚಿ ತಲೆಯ ಮೇಲೆ ಬಿಡಿಸಿ. ಡಬ್ಬವನ್ನು ಮೊಣಕೈ ಪಕ್ಕೆಲುಬಿಗೆ ಒತ್ತಿಕೊಂಡೇ ಇಳಿಸಿ. ಆಮೇಲೆ ಅದೇ ಕೆಲಸವನ್ನು ಬೆನ್ನ ಹಿಂದೆ ಮಾಡಿ. ಇಷ್ಟರಲ್ಲಿ ಅಡುಗೆಮನೆ ಮಾಯವಾಗಿ, ಯಾರೂ ಹೇಳಿಕೊಡದ ನಾಲ್ಕಾರು ಸ್ಟೆಪ್ಪು ನಿಮ್ಮ ಕೈಗೆ ಬಂದಿರುತ್ತವೆ. ಬರೆದಿಟ್ಟುಕೊಳ್ಳಿ, ಮರೆತುಹೋಗುತ್ತೆ.

ಲಾಬಾನ್ ಇನ್ನೊಂದು ಉಪಯೋಗದ ಮಾತು ಹೇಳಿದರು. ಚಲನೆಗೆ ಮೂರು ಸಮತಲಗಳಿವೆ (ಪ್ಲೇನ್): ಬಾಗಿಲು, ಟೇಬಲ್, ಚಕ್ರ. ಮೇಲೆ-ಕೆಳಗೆ, ಎಡ-ಬಲ ಹರಡಿದರೆ ಬಾಗಿಲು. ಸೊಂಟದ ಮಟ್ಟದಲ್ಲಿ ಸುತ್ತ ಸವರಿದರೆ ಟೇಬಲ್. ಹಿಂದೆ-ಮುಂದೆ ಉರುಳಿದರೆ ಚಕ್ರ. ಕನ್ನಡಿ ನೋಡಿಕೊಂಡು ಕಲಿತವರು ಬಾಗಿಲಲ್ಲೇ ನಿಂತುಬಿಡುತ್ತಾರೆ, ಕನ್ನಡಿಯಲ್ಲಿ ಚೆನ್ನಾಗಿ ಕಾಣುವುದು ಅದೊಂದೇ ಅಲ್ವಾ. ಸ್ಟೆಪ್ಪು ಹುಡುಕುವಾಗ ಕನ್ನಡಿಗೆ ಒಂದು ಹಳೇ ಬೆಡ್‌ಶೀಟ್ ಹಾಕಿ.

ಎತ್ತರದ ವಿಷಯ ಭರತನಾಟ್ಯ ಕಲಿತವರಿಗೆ ಹೊಸದಲ್ಲ. ನೆಟ್ಟಗೆ ನಿಲ್ಲುವುದು, ಅರೆಮಂಡಿ (ಮಂಡಿ ಬಗ್ಗಿಸಿ ಅರ್ಧ ಕೂರುವುದು), ಪೂರ್ಣಮಂಡಿ (ಪೂರ್ತಿ ಕುಕ್ಕರಿಸುವುದು). ಅದರ ಕೆಳಗೂ ಒಂದು ಮಹಡಿ ಇದೆ. ಕೂರುವುದು, ಉರುಳುವುದು, ಮಲಗುವುದು. ನೆಲಕ್ಕೆ 16 ಎಣಿಕೆಯಲ್ಲಿ ಇಳಿಯಿರಿ, ಆಮೇಲೆ 8ರಲ್ಲಿ, ಆಮೇಲೆ 4ರಲ್ಲಿ. ಇಳಿದ ಮೇಲಿನ ಭಂಗಿಗಿಂತ ಇಳಿಯುವ ದಾರಿಯೇ ನೋಡಲು ಚೆಂದ. ಒಂದು ಎಚ್ಚರಿಕೆ. ನಮ್ಮ ತಾರಸಿಗಳೆಲ್ಲ ಕಾಂಕ್ರೀಟು. ಜಾಸ್ತಿ ನೆಗೆಯಬೇಡಿ, ಮೊಣಕಾಲು ಹಾಳಾಗುತ್ತದೆ. ನೀ-ಪ್ಯಾಡ್ ಹಾಕಿಕೊಳ್ಳಿ. ಜಮಖಾನ ಹಾಸಬೇಡಿ, ಜಾರುತ್ತೆ.

ಈಗ ನಡಿಗೆಗೆ ಬನ್ನಿ. ಚಾಕ್‌ಪೀಸು ತಂದು ನೆಲದ ಮೇಲೆ ಒಂದು ಚೌಕ ಬರೆಯಿರಿ. ಹತ್ತಡಿ ಚೌಕದಲ್ಲಿ ಗೋಡೆಗುಂಟ ನಡೆದರೆ ಹತ್ತೇ ಅಡಿ. ಮೂಲೆಯಿಂದ ಎದುರು ಮೂಲೆಗೆ ಹೋದರೆ 14 ಅಡಿಗೂ ಸ್ವಲ್ಪ ಜಾಸ್ತಿ. ಬೆಂಗಳೂರಲ್ಲಿ ನಾಲ್ಕಡಿ ಪುಕ್ಕಟೆ ಯಾರು ಕೊಡ್ತಾರೆ? ಬಳಸಿಕೊಳ್ಳಿ. ಹಿಂದಿನ ಮೂಲೆಯಿಂದ ಮುಂದಿನ ಮೂಲೆಗೆ ಬರುವ ವ್ಯಕ್ತಿ ಬರುತ್ತಾ ಬರುತ್ತಾ ದೊಡ್ಡದಾಗಿ ಕಾಣುತ್ತಾನೆ, ಮೈಯ ಮುಂಭಾಗವೂ ಪಕ್ಕವೂ ಒಟ್ಟಿಗೆ ಕಾಣುತ್ತವೆ.

ಚೌಕದೊಳಗೆ ದಾರಿ ಬರೆಯುವ ಕೆಲಸ ಮಾತ್ರ ಬೇರೆಯವರಿಗೆ ಕೊಡಿ. ನನ್ನ ಕ್ಲಾಸಿನಲ್ಲಿ ಪಕ್ಕದ ಮನೆಯ ಪುಟ್ಟ ಹುಡುಗಿ ಬರೆಯುತ್ತಾಳೆ. ಅವಳಿಗೆ ಡ್ಯಾನ್ಸಿನ ಚಿಂತೆ ಇಲ್ಲ, ಸುಮ್ನೆ ಗೀಚುತ್ತಾಳೆ. ಆ ಗೆರೆಯ ಮೇಲೆ ಮೊದಲು ಬರೀ ನಡೆಯಿರಿ. ಆಮೇಲೆ ಭುಜ ಮುಂದಾಗಿ, ಹಿಮ್ಮಡಿ ಮುಂದಾಗಿ. ಮೂಲೆ ಬಂದಾಗ ದೇಹ ಏನು ಮಾಡುತ್ತದೆ ಗಮನಿಸಿ. ನಿಲ್ಲುತ್ತದಾ, ವಾಲುತ್ತದಾ? ಬರೆದಿಟ್ಟ ಸ್ಟೆಪ್ಪುಗಳನ್ನು ಅಲ್ಲಿ ಕೂರಿಸಿ. ಕೊನೆಗೆ ಒಂದು ಬಕೆಟ್ ನೀರು ಹಾಕಿ ಗೆರೆ ಅಳಿಸಿ, ನೆಲ ಒಣಗಿದ ಮೇಲೆ ನೆನಪಿನಿಂದ ಮಾಡಿ.

ದಾರಿಗೆ ತನ್ನದೇ ಅರ್ಥವೂ ಇದೆ. ಯಕ್ಷಗಾನದಲ್ಲಿ ವೇಷ ರಂಗಸ್ಥಳಕ್ಕೆ ಒಂದು ಸುತ್ತು ಹಾಕಿದರೆ ಒಂದೂರಿಂದ ಇನ್ನೊಂದೂರಿಗೆ ಹೋದಂತಾಯಿತು. ಪರದೆ ಬದಲಿಸಬೇಕಾಗಿಲ್ಲ. ನಾಟ್ಯಶಾಸ್ತ್ರದಲ್ಲಿ ಕಕ್ಷ್ಯಾವಿಭಾಗ, ಅಂದರೆ ರಂಗವನ್ನು ಬೇರೆಬೇರೆ ಸ್ಥಳಗಳಾಗಿ ಹಂಚುವುದು, ಎಂದು ಇದಕ್ಕೆ ಲೆಕ್ಕಾಚಾರವೇ ಇದೆ. ನಿಮ್ಮ ತುಣುಕಿನಲ್ಲಿ ಸುಮ್ಮನೆ ಒಂದು ಸುತ್ತು ಹೊಡೆಯುವ ಮುಂಚೆ ಇದನ್ನು ಯೋಚಿಸಿ.

ಎದುರು ಯಾವುದು ಅನ್ನುವುದು ಇನ್ನೊಂದು ಪ್ರಶ್ನೆ. ಅಮೆರಿಕದ ನೃತ್ಯ ಸಂಯೋಜಕ ಮರ್ಸ್ ಕನಿಂಗ್‌ಹ್ಯಾಮ್ (1919–2009) ವೇದಿಕೆಯ ನಡುಮಧ್ಯವೇ ದೊಡ್ಡದು ಅನ್ನುವುದನ್ನು ಒಪ್ಪಲಿಲ್ಲ. ಎಲ್ಲ ಜಾಗಕ್ಕೂ ಒಂದೇ ಬೆಲೆ ಎಂದರು. 1950ರ ದಶಕದಲ್ಲೇ ನಾಣ್ಯ ಚಿಮ್ಮಿ ಚಲನೆಗಳನ್ನು ತೀರ್ಮಾನಿಸುತ್ತಿದ್ದರು. ನಾವು ಲೂಡೋ ದಾಳ ಹಾಕುತ್ತೇವೆ. ಚೌಕವನ್ನು ಆರು ಮನೆ ಮಾಡಿ, ಬಿದ್ದ ಸಂಖ್ಯೆಯ ಮನೆಗೆ ಹೋಗಿ ಒಂದು ಸ್ಟೆಪ್ಪು ಮಾಡಿ. ಇನ್ನೊಮ್ಮೆ ಹಾಕಿ ಯಾವ ಕಡೆ ಮುಖ ಅನ್ನುವುದನ್ನು ನಿರ್ಧರಿಸಿ. ಬೆನ್ನು ತೋರಿಸಬೇಕಾಗಿ ಬಂದರೆ ತೋರಿಸಿ. ದೇವರಿಗೆ ಬೆನ್ನು ತೋರಿಸಬಾರದು ಸರಿ, ಪ್ರೇಕ್ಷಕರಿಗೆ ಪರವಾಗಿಲ್ಲ. ದಾಳ ಹೇಳಿದ್ದೆಲ್ಲ ಇಟ್ಟುಕೊಳ್ಳಬೇಕು ಅನ್ನುವ ಕಾನೂನು ನನ್ನ ಕ್ಲಾಸಿನಲ್ಲಿಲ್ಲ. ಹಿಡಿಸಿದ್ದನ್ನು ಇಟ್ಟುಕೊಂಡು ಮಿಕ್ಕಿದ್ದು ಬಿಡಿ.

ಇಬ್ಬರಿದ್ದರೆ ನಡುವಿನ ಖಾಲಿ ಜಾಗವನ್ನು ಮೂರನೆಯವರು ಎಂದುಕೊಳ್ಳಿ. ಅಂಗೈ ದೂರದಲ್ಲಿ ಮಾಡಿದ ಸ್ಟೆಪ್ಪನ್ನೇ ಎರಡು ಮೂಲೆಯಲ್ಲಿ ನಿಂತು ಮಾಡಿ. ಮೊದಲನೆಯದು ಜಗಳ ಅನ್ನಿಸಿದರೆ ಎರಡನೆಯದು ಕರೆ ಅನ್ನಿಸಬಹುದು.

ಇನ್ನು ಆಡುವ ಜಾಗ. ಅದನ್ನು ಮುಂಚೆಯೇ ಹೋಗಿ ನೋಡಿ ಬನ್ನಿ. ರವೀಂದ್ರ ಕಲಾಕ್ಷೇತ್ರದಲ್ಲಿ ಜನ ಎದುರಿಗೆ ಮಾತ್ರ. ಜೆ.ಪಿ. ನಗರದ ರಂಗಶಂಕರದಲ್ಲಿ ವೇದಿಕೆ ಜನರ ನಡುವೆ ಚಾಚಿಕೊಂಡಿದೆ, ಪಕ್ಕದಿಂದಲೂ ನೋಡುತ್ತಾರೆ, ಬಾಗಿಲಿನ ಸ್ಟೆಪ್ಪುಗಳು ಪಕ್ಕದಿಂದ ತೆಳ್ಳಗೆ ಕಾಣುತ್ತವೆ. ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಾದರೆ ಮುಂದಿನ ಸಾಲಿನವರು ಫೋನ್ ಎತ್ತಿರುತ್ತಾರೆ, ಹಿಂದಿನವರಿಗೆ ನೆಲದ ಕೆಲಸ ಏನೂ ಕಾಣುವುದಿಲ್ಲ. ಅಲ್ಲಿ ಮಲಗುವ ಭಾಗ ಕಡಿಮೆ ಮಾಡಿ. ಅಳತೆ ಟೇಪು ಹಿಡಿದು ಹೋಗಿ, ಉದ್ದ ಅಗಲ ಬರೆದುಕೊಂಡು ಬಂದು, ತಾರಸಿಯ ಮೇಲೆ ಅಷ್ಟೇ ಚೌಕ ಮತ್ತೆ ಬರೆಯಿರಿ. ವೇದಿಕೆ ದೊಡ್ಡದಿದ್ದು ತಾರಸಿ ಸಾಲದಿದ್ದರೆ ಅರ್ಧರ್ಧ ಮಾಡಿ ಅಭ್ಯಾಸ ಮಾಡಿ. ಹಾಡು ಹಾಕುವುದು ಆಮೇಲೆ.