‘ಹಾನೆ’ ಬರೆದ ಹುಡುಗನಿಗೆ ಕಾಗುಣಿತ ಕಲಿಸುವುದು ಹೇಗೆ?

ಮೂರನೇ ತರಗತಿಯ ಹುಡುಗನೊಬ್ಬ ನೋಟ್ ಪುಸ್ತಕದಲ್ಲಿ ಹೀಗೆ ಬರೆದಿದ್ದ: ‘ನಿನ್ನೆ ಹೂರಿಗೆ ಹಾನೆ ಬಂತು. ನಾನು ಹಪ್ಪನ ಜೊತೆ ನೋಡಲು ಓದೆ. ಅದು ಬಾಳೆ ಅಣ್ಣು ತಿಂತು.’

ಆಗ ನಾನು ಮೇಷ್ಟರ ಕೆಲಸಕ್ಕೆ ಹೊಸಬ. ಐದು ಕಡೆ ಕೆಂಪು ಶಾಯಿಯ ಸುತ್ತು ಹಾಕಿ, ಪ್ರತಿಯೊಂದನ್ನೂ ಹತ್ತು ಸಲ ಬರೆದುಕೊಂಡು ಬರುವಂತೆ ಹೇಳಿದೆ. ಬರೆದು ತಂದ. ಮುಂದಿನ ವಾರವೂ ಹಾನೆ ಹಾನೆಯಾಗಿಯೇ ಉಳಿದಿತ್ತು.

ಆ ಐದು ತಪ್ಪುಗಳ ಹಿಂದೆ ಇರುವುದು ಒಂದೇ ಕಾರಣ ಎಂದು ಹೊಳೆಯಲು ನನಗೆ ಎರಡು ವರ್ಷ ಬೇಕಾಯಿತು. ಹಳೆ ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ಹಕಾರ ಬಾಯಿಗೆ ಬರುವುದಿಲ್ಲ. ಹಾಲು ಅಲ್ಲಿ ಆಲು, ಹಣ್ಣು ಅಣ್ಣು. ಶಾಲೆಗೆ ಬಂದ ಮೇಲೆ ‘ಹ ಬಿಟ್ಟಿದ್ದೀಯ, ಹ ಹಾಕು’ ಎಂದು ದಿನವೂ ಬೈಸಿಕೊಂಡ ಹುಡುಗ ಒಂದು ತೀರ್ಮಾನಕ್ಕೆ ಬಂದಿದ್ದ: ಅನುಮಾನ ಬಂದಲ್ಲೆಲ್ಲ ಹ ಹಾಕಿಬಿಡುವುದು. ಆನೆಗೆ ಹಾಕಿದ, ಅಪ್ಪನಿಗೆ ಹಾಕಿದ, ಹಣ್ಣಿಗೆ ಮರೆತ. ಇದು ದಡ್ಡತನವಲ್ಲ, ಲೆಕ್ಕಾಚಾರ. ಲೆಕ್ಕಕ್ಕೆ ಬೇಕಾದ ಒಂದು ಅಂಕಿ ಮಾತ್ರ ಅವನ ಕೈಯಲ್ಲಿ ಇರಲಿಲ್ಲ. ಆ ಎರಡು ಸದ್ದುಗಳ ವ್ಯತ್ಯಾಸ ಅವನ ಕಿವಿಗೆ ಬಿದ್ದಿರಲಿಲ್ಲ.

ಮಕ್ಕಳಿಗೆ ಬರವಣಿಗೆ ಕಲಿಸುವ ಶಿಕ್ಷಕರೂ ಮನೆಯಲ್ಲಿ ಕೂರಿಸಿಕೊಂಡು ಹೇಳಿಕೊಡುವ ಅಪ್ಪ ಅಮ್ಮಂದಿರೂ ಶುರು ಮಾಡಬೇಕಾದದ್ದು ಇಲ್ಲಿಂದ. ತಪ್ಪನ್ನು ತಿದ್ದುವ ಮೊದಲು ಅದನ್ನು ಓದಬೇಕು.

ಮೊದಲು ಕಿವಿ

ಪೆನ್ಸಿಲ್ ಪಕ್ಕಕ್ಕಿರಲಿ. ಒಂದೇ ಸದ್ದಿನ ವ್ಯತ್ಯಾಸವಿರುವ ಜೋಡಿ ಪದಗಳನ್ನು ಹೇಳುತ್ತಾ ಹೋಗಿ. ಹಕ್ಕಿ–ಅಕ್ಕಿ, ಹಾಡು–ಆಡು, ಹೇಳು–ಏಳು, ಹತ್ತು–ಅತ್ತು. ‘ಹಕ್ಕಿ’ ಎಂದರೆ ಮಗು ಕೈಗಳನ್ನು ರೆಕ್ಕೆಯಂತೆ ಬಡಿಯಬೇಕು, ‘ಅಕ್ಕಿ’ ಎಂದರೆ ಮೊರದಲ್ಲಿ ಕೇರುವ ಹಾಗೆ ಮಾಡಬೇಕು. ಆಮೇಲೆ ಮಗು ಹೇಳಲಿ, ನೀವು ಮಾಡಿ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಹಾ’ ಅನ್ನಿಸಿದರೆ ಬೆಚ್ಚನೆಯ ಉಸಿರು ಕೈಗೆ ತಾಗುತ್ತದೆ. ‘ಆ’ ಅಂದಾಗ ಅಷ್ಟು ತಾಗುವುದಿಲ್ಲ. ಕಿವಿ ಕೈಕೊಟ್ಟಲ್ಲಿ ಅಂಗೈ ಪಾಠ ಹೇಳುತ್ತದೆ.

ಲ–ಳ ಗೊಂದಲಕ್ಕೂ ಇದೇ ಮದ್ದು. ಹುಲಿ–ಹುಳಿ, ಬೆಲೆ–ಬೆಳೆ, ಕಾಲು–ಕಾಳು, ಹಲ್ಲಿ–ಹಳ್ಳಿ. ಳ ಹೇಳುವಾಗ ನಾಲಿಗೆಯ ತುದಿ ಮೇಲಕ್ಕೆ ಮಡಚಿಕೊಳ್ಳುವುದನ್ನು ಕನ್ನಡಿಯಲ್ಲಿ ತೋರಿಸಿ. ಅನ್ನ–ಅಣ್ಣ ಎಂಬ ಜೋಡಿಯನ್ನು ಒಂದು ವಾಕ್ಯದಲ್ಲಿ ಕೂರಿಸಿದರೆ ಮಕ್ಕಳು ಮರೆಯುವುದಿಲ್ಲ: ‘ಅಣ್ಣ ಅನ್ನ ಉಂಡ’ ಅನ್ನುವುದನ್ನು ಅದಲುಬದಲು ಮಾಡಿದರೆ ತರಗತಿಯೇ ನಗುತ್ತದೆ. ಹ್ರಸ್ವ ದೀರ್ಘಗಳಿಗೆ ಬೆಳೆ–ಬೇಳೆ, ಕೊಡು–ಕೋಡು, ಬಿಡು–ಬೀಡು. ದೀರ್ಘ ಬಂದಲ್ಲಿ ಕೈ ಚಾಚುವುದು, ಹ್ರಸ್ವಕ್ಕೆ ಚಿಟಿಕೆ ಹಾಕುವುದು.

ದಿನಕ್ಕೆ ಐದು ನಿಮಿಷ ಸಾಕು. ಒಂದು ವಾರಕ್ಕೆ ಒಂದೇ ಬಗೆಯ ಜೋಡಿ.

ಅಕ್ಷರಗಳನ್ನು ನೆಂಟಸ್ತಿಕೆಯಲ್ಲಿ ಕಲಿಸುವುದು

ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರ: 13 ಸ್ವರ, 2 ಯೋಗವಾಹ, 34 ವ್ಯಂಜನ. ಅ ಆ ಇ ಈ ಎಂಬ ಕ್ರಮ ಬಾಯಿಪಾಠಕ್ಕೆ ಚೆನ್ನ. ಬರೆಯುವ ಎಳೆಯ ಬೆರಳಿಗೆ ಮಾತ್ರ ಅದು ಕಷ್ಟ, ಏಕೆಂದರೆ ಇ, ಈ, ಋ ಇವೆಲ್ಲ ಮೊದಲ ವಾರವೇ ಎದುರಾಗುತ್ತವೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ ನಲಿ-ಕಲಿ ಪದ್ಧತಿಯಲ್ಲಿ ರ, ಗ, ಸ, ದ, ಅ ಎಂಬುದು ಮೊದಲ ಗುಂಪು; ಜ, ವ, ಮ, ಬ, ನ ಮುಂದಿನದು. ಸುಲಭವಾದ ಗುಂಡು ಗೆರೆಗಳಿಂದ ಮುಂದುವರಿಯುವುದು ಒಂದು ಲಾಭ. ಎರಡನೆಯ ಲಾಭ ದೊಡ್ಡದು: ಐದು ಅಕ್ಷರ ಬಂದ ಕೂಡಲೇ ಮಗು ಅರಸ, ಸರ, ಗರಗಸ, ದರ ಎಂದು ಪದಗಳನ್ನೇ ಬರೆಯುತ್ತದೆ. ಮೊದಲ ವಾರವೇ ‘ಅರಸ’ ಬರೆದ ಮಗುವಿನ ಮುಖವನ್ನು ನೋಡಿದವರಿಗೆ ಈ ಕ್ರಮದ ಬಗ್ಗೆ ಬೇರೆ ವಾದ ಬೇಕಾಗುವುದಿಲ್ಲ.

ಕಾಗುಣಿತವನ್ನು ಮಕ್ಕಳು ‘ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ’ ಎಂದು ರಾಗವಾಗಿ ಒಪ್ಪಿಸುತ್ತಾರೆ. ನಡುವೆ ನಿಲ್ಲಿಸಿ ‘ಮೂ ಬರಿ’ ಅಂದರೆ ಮ ಮಾ ಮಿ ಮೀ ಎಂದು ಮೊದಲಿನಿಂದ ಬೆರಳೆಣಿಸಿಕೊಂಡು ಬರುವವರೇ ಹೆಚ್ಚು. ಸಾಲು ಬಾಯಿಗೆ ಬಂದಿದೆ, ಚಿಹ್ನೆ ಮನಸ್ಸಿನಲ್ಲಿ ಕೂತಿಲ್ಲ. ಅದಕ್ಕೆ ಕಾಗುಣಿತವನ್ನು ಅಡ್ಡಸಾಲಿನ ಬದಲು ಕೆಳಸಾಲಾಗಿ ಬರೆಸಿ: ಕೂ, ಗೂ, ಮೂ, ಹೂ. ಒಂದು ದಿನ ಕೊಂಬಿನ ದಿನ, ಇನ್ನೊಂದು ದಿನ ಏತ್ವದ ದಿನ. ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಕ್ಷರಗಳನ್ನೂ ಚಿಹ್ನೆಗಳನ್ನೂ ಬೇರೆಬೇರೆ ಚೀಟಿ ಮಾಡಿ ಕೂಡಿಸಲು ಕೊಟ್ಟರೆ ಅರ್ಧ ಗಂಟೆ ನಿಮಗೆ ಬಿಡುವು.

ಒತ್ತಕ್ಷರ ಎಂಬ ಹೊಸ್ತಿಲು

ಇಲ್ಲಿ ಎಡವುವ ಮಕ್ಕಳೇ ಹೆಚ್ಚು. ‘ಕತ್ತೆ’ ಬರೆ ಎಂದರೆ ‘ಕತೆ’ ಬರೆಯುತ್ತಾರೆ. ‘ಕತ್–ತೆ’ ಎಂದು ಎರಡು ಚಪ್ಪಾಳೆಯಲ್ಲಿ, ನಡುವೆ ನಿಂತು ಹೇಳಿಸಿ. ಎಲ್ಲಿ ನಾಲಿಗೆ ತಡೆದು ನಿಲ್ಲುತ್ತದೋ ಅಲ್ಲಿ ಒತ್ತು ಇದೆ.

ಪದಗಳಿಗಾಗಿ ಹೊರಗೆ ಹೋಗಬೇಕಿಲ್ಲ. ಅಪ್ಪ, ಅಮ್ಮ, ಅಕ್ಕ, ಅಣ್ಣ, ಅಜ್ಜ, ಅಜ್ಜಿ, ಅತ್ತೆ, ಚಿಕ್ಕಪ್ಪ, ದೊಡ್ಡಮ್ಮ: ಮನೆಮಂದಿಯೆಲ್ಲ ಸಜಾತಿ ಒತ್ತಿನವರೇ! ಮಗು ತನ್ನ ಮನೆಯವರ ಪಟ್ಟಿ ಬರೆದರೆ ಸಜಾತಿ ಒತ್ತಿನ ಪಾಠ ಮುಕ್ಕಾಲು ಮುಗಿದಂತೆ. ರಸ್ತೆ, ಪುಸ್ತಕ, ರಾತ್ರಿ ಮುಂತಾದ ವಿಜಾತಿ ಒತ್ತುಗಳು ಆಮೇಲೆ ಬರಲಿ.

ಒತ್ತುಗಳ ರೂಪದಲ್ಲೂ ಒಂದು ಗುಟ್ಟಿದೆ. ಬಹುಪಾಲು ಒತ್ತುಗಳು ತಲಕಟ್ಟು ಕಳಚಿಟ್ಟು ಕೆಳಗೆ ಕುಳಿತ ಅದೇ ಅಕ್ಷರಗಳು. ವೇಷ ಬದಲಿಸಿಕೊಂಡು ಬರುವವು ತ, ನ, ಮ, ಯ, ರ, ಲ, ಈ ಆರು ಮಾತ್ರ. ಈ ಆರನ್ನು ಬೇರೆಯಾಗಿ ಕಲಿಸಿ. ಅರ್ಕಾವತ್ತಿಗೆ ಅವಸರ ಬೇಡ. ಸೂರ್ಯ, ವರ್ಷ ಎನ್ನುವಾಗ ಬಾಯಿ ಮೊದಲು ಹೇಳಿದ ರ್ ಅನ್ನು ಕೈ ಆಮೇಲೆ ಬರೆಯಬೇಕು. ಏಳು ವರ್ಷದ ಮಗುವಿಗೆ ಇದು ಅನ್ಯಾಯವೇ. ‘ಮೊದಲು ಕೂಗಿದವನು ಕೊನೆಗೆ ಬಂದ’ ಎಂದು ಹೇಳಿಕೊಟ್ಟರೆ ಕೆಲವರಿಗಾದರೂ ನೆನಪಿರುತ್ತದೆ.

ಮಹಾಪ್ರಾಣ: ಕಿವಿಯನ್ನು ನಂಬಬೇಡಿ

ಕಿವಿಯಿಂದ ಶುರು ಮಾಡಿ ಎಂದವನು ಈಗ ಮಾತು ಬದಲಿಸುತ್ತಿದ್ದೇನೆ. ಏಕೆಂದರೆ ಮಹಾಪ್ರಾಣದ ವಿಷಯದಲ್ಲಿ ನಾವು ದೊಡ್ಡವರೇ ಪ್ರಾಮಾಣಿಕರಲ್ಲ. ಭಾಷೆಯ ಬಗ್ಗೆ ಭಾಷಣ ಮಾಡುವವರಲ್ಲೂ ಎಷ್ಟೋ ಜನರ ಬಾಯಲ್ಲಿ ಅದು ‘ಬಾಷೆ’. ನಾವು ಹೇಳದ ಸದ್ದನ್ನು ಮಗು ಕೇಳಿಸಿಕೊಳ್ಳಬೇಕು ಎಂದರೆ ಹೇಗೆ? ಮನೆಮಾತಿನ ಅಕ್ಕಿ, ಬೇಳೆ, ನೀರು, ಕಲ್ಲು, ಮರ ಯಾವುದರಲ್ಲೂ ಮಹಾಪ್ರಾಣವಿಲ್ಲ. ಅದು ಬರುವುದು ಹೆಚ್ಚಾಗಿ ಸಂಸ್ಕೃತದಿಂದ ಬಂದ ಪದಗಳಲ್ಲಿ: ಭೂಮಿ, ಪಾಠ, ಮುಖ, ರಥ, ಧಾನ್ಯ, ಛತ್ರಿ, ಫಲ, ಮೇಘ. ಇವನ್ನು ಕಣ್ಣಿನಿಂದಲೇ ಕಲಿಯಬೇಕು. ಪಾಠದಲ್ಲಿ ಬಂದ ಇಂಥ ಪದಗಳನ್ನು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಬರೆಯುವಾಗ ಗೋಡೆ ನೋಡುವುದು ಕಾಪಿ ಹೊಡೆದಂತಲ್ಲ ಎಂದು ಮಕ್ಕಳಿಗೆ ಮೊದಲೇ ಹೇಳಿಬಿಡಿ.

ಅಕ್ಷರದ ಆಕಾರ ಅರ್ಧ ಸಹಾಯ ಮಾಡುತ್ತದೆ. ಚ–ಛ, ಡ–ಢ, ದ–ಧ, ಪ–ಫ, ಬ–ಭ ಈ ಐದು ಜೋಡಿಯಲ್ಲಿ ಹೊಟ್ಟೆ ಸೀಳಿದರೆ ಮಹಾಪ್ರಾಣ. ಉಳಿದ ಖ, ಘ, ಝ, ಠ, ಥ ಈ ಐದಕ್ಕೆ ಆ ಸೂತ್ರ ನಡೆಯುವುದಿಲ್ಲ. ಒಂದನೇ ಎರಡನೇ ತರಗತಿಯಲ್ಲಿ ಇದಕ್ಕಾಗಿ ಅಂಕ ಕಳೆಯುವುದು ನನಗೆ ಒಪ್ಪಿಗೆಯಿಲ್ಲ. ಶ, ಷ, ಸಗಳ ತಕರಾರೂ ನಾಲ್ಕನೇ ತರಗತಿಗೆ ಕಾಯಲಿ.

ಹತ್ತು ಸಲ ಬರೆಸುವುದರ ಕಥೆ

‘ವಿದ್ಯಾರ್ಥಿ’ಯನ್ನು ಹತ್ತು ಸಲ ಬರೆ ಎಂದರೆ ಮಗು ಏನು ಮಾಡುತ್ತದೆ, ಪಕ್ಕದಲ್ಲಿ ನಿಂತು ನೋಡಿದ್ದೀರಾ? ಮೊದಲು ಮೇಲಿನಿಂದ ಕೆಳಗೆ ಹತ್ತು ‘ವಿ’. ಆಮೇಲೆ ಹತ್ತು ‘ದ್ಯಾ’. ಕೊನೆಗೆ ಹತ್ತು ‘ರ್ಥಿ’. ಆ ಪದವನ್ನು ಪದವಾಗಿ ಒಮ್ಮೆಯೂ ಬರೆದಿರುವುದಿಲ್ಲ. ಮೂರನೇ ಸಾಲಿನಲ್ಲಿ ಒಂದು ಒತ್ತು ಜಾರಿದರೆ ಮಿಕ್ಕ ಏಳು ಸಾಲಿಗೂ ಅದೇ ಇಳಿಯುತ್ತದೆ.

ಬದಲಿಗೆ ಹೀಗೆ ಮಾಡಿ. ಪದವನ್ನು ನೋಡುವುದು, ಗಟ್ಟಿಯಾಗಿ ಬಿಡಿಸಿ ಹೇಳುವುದು, ಮುಚ್ಚುವುದು, ಬರೆಯುವುದು, ತೆರೆದು ತಾನೇ ಹೋಲಿಸುವುದು. ಮೂರು ಸಲ ಸಾಕು. ಮರುದಿನ ಮತ್ತೆ ಒಮ್ಮೆ, ವಾರ ಬಿಟ್ಟು ಇನ್ನೊಮ್ಮೆ. ಉಕ್ತಲೇಖನಕ್ಕೂ ಐದು ಪದ ಮಿತಿ. ಪದವನ್ನು ಒಂಟಿಯಾಗಿ ಕೂಗದೆ ವಾಕ್ಯದಲ್ಲಿ ಇಟ್ಟು ಹೇಳಿ, ತಿದ್ದುವ ಕೆಲಸ ಮಗುವಿಗೇ ಬಿಡಿ. ಪಠ್ಯಪುಸ್ತಕ ತೆರೆದು ತನ್ನ ತಪ್ಪನ್ನು ತಾನೇ ಹಿಡಿದ ಮಗುವಿಗೆ ಆ ಪದ ಬಹುಕಾಲ ನೆನಪಿರುತ್ತದೆ.

ಇನ್ನೊಂದು ಆಟವಿದೆ, ಖರ್ಚಿಲ್ಲದ್ದು. ಪೇಟೆಗೆ ಹೋದಾಗ ನಾಮಫಲಕಗಳಲ್ಲಿ ತಪ್ಪು ಹುಡುಕಿಸಿ. ಹೋಟೆಲಿನ ಮುಂದೆ ‘ಶುದ್ದ ಸಸ್ಯಹಾರಿ’ ಇರುತ್ತದೆ, ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ‘ಶುಭಾಷಯಗಳು’ ಇರುತ್ತದೆ. ದೊಡ್ಡವರ ತಪ್ಪು ಹಿಡಿಯುವ ಸುಖಕ್ಕಾಗಿ ಮಕ್ಕಳು ಎಷ್ಟು ದೂರ ಬೇಕಾದರೂ ನಡೆಯುತ್ತಾರೆ. ಅಂಗಡಿಯವರ ಎದುರು ಗಟ್ಟಿಯಾಗಿ ಹೇಳದಂತೆ ಮಾತ್ರ ನೋಡಿಕೊಳ್ಳಿ.

ವ್ಯಾಕರಣ: ಹೆಸರು ಆಮೇಲೆ, ಕೆಲಸ ಮೊದಲು

ಪ್ರಥಮಾ ಉ, ದ್ವಿತೀಯಾ ಅನ್ನು, ತೃತೀಯಾ ಇಂದ ಎಂದು ಒಪ್ಪಿಸಬಲ್ಲ ಮಗುವೇ ಪ್ರಬಂಧದಲ್ಲಿ ‘ಮನೆನ್ನು’ ಎಂದು ಬರೆಯುತ್ತದೆ. ಪಂಚಮೀ ವಿಭಕ್ತಿಗೆ ‘ದೆಸೆಯಿಂದ’ ಎಂದು ನಾವೆಲ್ಲ ಉರುಹೊಡೆದವರು. ಆದರೆ ಈ ನಾಡಿನಲ್ಲಿ ಮರದ ದೆಸೆಯಿಂದ ಬಿದ್ದವರು ಯಾರೂ ಇಲ್ಲ, ಎಲ್ಲರೂ ಮರದಿಂದಲೇ ಬಿದ್ದವರು.

ಪ್ರಶ್ನೆಯಿಂದ ಹೊರಡಿ. ಏನನ್ನು ನೋಡಿದೆ? ಮರವನ್ನು, ಮನೆಯನ್ನು, ಊರನ್ನು. ಎಲ್ಲಿಂದ ಬಂದೆ? ಮರದಿಂದ, ಮನೆಯಿಂದ, ಊರಿನಿಂದ. ಎಲ್ಲಿಗೆ ಹೋದೆ? ಮರಕ್ಕೆ, ಮನೆಗೆ, ಊರಿಗೆ. ಮೂರು ಪದ ಮೂರು ಸಾಲಾಗಿ ಕಪ್ಪು ಹಲಗೆಯ ಮೇಲೆ ಇಳಿಯಲಿ. ಬಾಯಲ್ಲಿ ಇವೆಲ್ಲ ಮಗುವಿಗೆ ಆಗಲೇ ಗೊತ್ತು. ಶಾಲೆ, ಕೆರೆ, ಬೆಕ್ಕು, ಪುಸ್ತಕ ಎಂಬ ಪದ ಕೊಟ್ಟು ಯಾವುದು ಯಾವ ಸಾಲಿಗೆ ಸೇರುತ್ತದೆ ಎಂದು ಕೇಳಿ. ‘ಎ ಬಂದರೆ ಯ ಬರುತ್ತದೆ ಸಾರ್’ ಎಂದು ಯಾರಾದರೂ ಒಬ್ಬರು ಕೂಗುತ್ತಾರೆ. ಆಗಮ ಸಂಧಿ ಎಂಬ ಹೆಸರನ್ನು ಆಗ ಹೇಳಿದರೂ ಸರಿ, ಮುಂದಿನ ತರಗತಿಗೆ ಬಿಟ್ಟರೂ ಸರಿ.

ಕ್ರಿಯಾಪದಕ್ಕೆ ಚೀಟಿಯ ಆಟ. ಒಂದು ಡಬ್ಬದಲ್ಲಿ ಹುಡುಗ, ಹುಡುಗಿ, ಮಕ್ಕಳು, ನಾಯಿ, ನಾನು. ಇನ್ನೊಂದರಲ್ಲಿ ಬಂದನು, ಬಂದಳು, ಬಂದರು, ಬಂದಿತು, ಬಂದೆನು. ‘ನಾಯಿ ಬಂದೆನು’ ಎಂದು ಚೀಟಿ ಬಂದಾಗ ಆಗುವ ಗದ್ದಲವೇ ಪಾಠ. ಅಜ್ಜಿಗೆ ಬಂದಳು ಸರಿಯೋ ಬಂದರು ಸರಿಯೋ ಎಂಬ ಚರ್ಚೆಯನ್ನು ನಡುವೆ ಕಡಿಯಬೇಡಿ.

ಮನೆಮಾತನ್ನು ತಪ್ಪು ಎನ್ನಬಾರದು ಎಂಬುದರಲ್ಲಿ ನನಗೆ ಹಟವಿದೆ. ಧಾರವಾಡದ ಮಗು, ಮಂಗಳೂರಿನ ಕಡೆ ತುಳುವೋ ಬ್ಯಾರಿಯೋ ಆಡುವ ಮಗು, ತಾಂಡಾದಿಂದ ಬರುವ ಲಂಬಾಣಿ ಮಗು ಎಲ್ಲವೂ ಪುಸ್ತಕದ ಕನ್ನಡವನ್ನು ಹೊಸದಾಗಿ ಕಲಿಯುತ್ತಿರುತ್ತವೆ. ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ‘ಮನೆಯಲ್ಲಿ ಹೇಳುವುದು’, ಬಲಕ್ಕೆ ‘ಪುಸ್ತಕದಲ್ಲಿ ಬರೆಯುವುದು’ ಎಂದು ಬರೆಸಿ. ಎಡಗಡೆಯ ಸಾಲಿಗೆ ಕೆಂಪು ಶಾಯಿ ತಾಗಬಾರದು.

ಸ್ವಂತ ವಾಕ್ಯ ಮತ್ತು ಕೆಂಪು ಪೆನ್ನು

ಎರಡನೇ ತರಗತಿಯಿಂದ ದಿನಕ್ಕೆ ಒಂದು ಸ್ವಂತ ವಾಕ್ಯ. ಚಿತ್ರ ಬಿಡಿಸಿ ಅದರ ಕೆಳಗೆ ಬರೆದರೂ ಆಯಿತು. ನಾಲ್ಕನೇ ತರಗತಿಗೆ ಅದು ಐದಾರು ವಾಕ್ಯಕ್ಕೆ ಬೆಳೆಯುತ್ತದೆ. ತಿದ್ದುವಾಗ ಒಂದು ವಾರಕ್ಕೆ ಒಂದೇ ಬಗೆಯ ತಪ್ಪು. ಈ ವಾರ ದೀರ್ಘ ಎಂದಾದರೆ ಒತ್ತು ಬಿಟ್ಟಿದ್ದರೂ ಕಣ್ಣು ಮುಚ್ಚಿಕೊಳ್ಳಿ. ಪದಕ್ಕೆ ಸುತ್ತು ಹಾಕುವ ಬದಲು ಆ ಸಾಲಿನ ಅಂಚಿನಲ್ಲಿ ಪೆನ್ಸಿಲಿನ ಒಂದು ಚುಕ್ಕೆ ಇಡಿ. ಎಲ್ಲಿದೆ ಎಂದು ಹುಡುಕುವುದು ಮಗುವಿನ ಕೆಲಸ.

ವಿಷಯ ಕೊಡುವಾಗ ‘ಹಸು’ ಎಂದು ಕೊಡಬೇಡಿ. ಕೊಟ್ಟರೆ ‘ಹಸು ಸಾಕುಪ್ರಾಣಿ. ಅದಕ್ಕೆ ನಾಲ್ಕು ಕಾಲುಗಳಿವೆ’ ಎಂಬುದೇ ಇಡೀ ತರಗತಿಯಿಂದ ಬರುತ್ತದೆ. ಬೆಳಿಗ್ಗೆ ಸಗಣಿ ಬಾಚಿ ಶಾಲೆಗೆ ಬಂದ ಮಗುವೂ ಅದನ್ನೇ ಬರೆಯುತ್ತದೆ. ‘ನಿಮ್ಮ ಕೊಟ್ಟಿಗೆಯಲ್ಲಿ ನಿನ್ನೆ ಏನಾಯಿತು’ ಎಂದು ಕೇಳಿ.

ಹಾಗೆ ಕೇಳಿದ ಒಂದು ದಿನ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಬರೆದು ತಂದಳು: ‘ನಮ್ಮ ಗೌರಿ ಕರೆದರೆ ಬರಲ್ಲ. ಹಿಂಡಿ ಬಕೀಟು ಸದ್ದಾದರೆ ಬರುತ್ತಾಳೆ.’ ಆ ವಾರದ ಪಾಠ ಲಿಂಗ. ‘ಬರುತ್ತದೆ’ ಎಂದಾಗಬೇಕಲ್ಲವೇ ಎಂದು ಕೇಳಿದೆ. ಹುಡುಗಿ ನನ್ನ ಮುಖವನ್ನೇ ನೋಡಿ, ‘ಗೌರಿ ಸಾರ್ ಅವಳು’ ಅಂದಳು. ನಾನು ಚುಕ್ಕೆ ಅಳಿಸಿ ಪುಸ್ತಕ ವಾಪಸು ಕೊಟ್ಟೆ.